ಹಳೆಯ ಮನೆಗಳ ದುರಸ್ತಿಯ ವೇಳೆ ದೊರೆಯುವ ಹಿಂದಿನ ನಿವಾಸಿಗಳ ವಸ್ತುಗಳು: ಸಾರ್ವಜನಿಕರಿಗೆ ಮಾಹಿತಿ

(ಪಾಂಡವಪುರ ಉಪವಿಭಾಗ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು)

1. ಪೀಠಿಕೆ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಮಣ್ಣಿನ ಗೋಡೆ, ಮರದ ಕಂಬ ಮತ್ತು ನಾಡಹೆಂಚಿನ ಹಳೆಯ ಮನೆಗಳು ಇಂದಿಗೂ ಉಳಿದಿವೆ. ಇಂತಹ ಮನೆಗಳನ್ನು ದುರಸ್ತಿ ಮಾಡುವಾಗ ಅಥವಾ ಕೆಡವಿ ಹೊಸದಾಗಿ ಕಟ್ಟುವಾಗ ಗೋಡೆಯೊಳಗೆ, ನೆಲದಡಿಯಲ್ಲಿ ಅಥವಾ ಅಟ್ಟದ ಮೂಲೆಯಲ್ಲಿ ಹಿಂದೆ ಅಲ್ಲಿ ವಾಸವಿದ್ದವರು ಇಟ್ಟ ವಸ್ತುಗಳು ಕಂಡುಬರುವುದುಂಟು. ನಾಣ್ಯ, ಒಡವೆ, ಪತ್ರ, ಭಾವಚಿತ್ರ, ಓಲೆಗರಿಯ ಕಟ್ಟು, ಕ್ರಯಪತ್ರ, ದೇವರ ವಿಗ್ರಹ ಮುಂತಾದವು ಇವುಗಳಲ್ಲಿ ಸೇರಿವೆ.

ಇಂತಹ ಸಂದರ್ಭಗಳಲ್ಲಿ ಎರಡು ಬಗೆಯ ತಪ್ಪುಗಳು ಆಗುತ್ತವೆ. ಬೆಲೆಬಾಳುವ ವಸ್ತುವನ್ನು ಕಾನೂನಿನ ಭಯದಿಂದಲೋ ಆಸೆಯಿಂದಲೋ ಮುಚ್ಚಿಡುವುದು ಒಂದು. ಬೆಲೆಯಿಲ್ಲವೆಂದು ತೋರುವ ಕಾಗದ, ಓಲೆಗರಿ ಮತ್ತು ತಗಡುಗಳನ್ನು ಒಲೆಗೆ, ಹೊಳೆಗೆ ಅಥವಾ ಗುಜರಿಗೆ ಹಾಕುವುದು ಇನ್ನೊಂದು. ಮೊದಲನೆಯದರಿಂದ ಪ್ರಾಮಾಣಿಕ ನಾಗರಿಕರೂ ಆರೋಪಿಗಳಾಗುವ ಸಂಭವವಿದೆ. ಎರಡನೆಯದರಿಂದ ಒಂದು ಕುಟುಂಬದ ಅಥವಾ ಒಂದು ಊರಿನ ಏಕೈಕ ದಾಖಲೆ ಶಾಶ್ವತವಾಗಿ ನಾಶವಾಗುತ್ತದೆ. ಈ ಎರಡನ್ನೂ ತಪ್ಪಿಸಲು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ವಸ್ತುಗಳು ಸಾಮಾನ್ಯವಾಗಿ ದೊರೆಯುವ ಸ್ಥಳಗಳು

ಬ್ಯಾಂಕುಗಳು ಗ್ರಾಮಗಳಿಗೆ ಬರುವುದಕ್ಕೆ ಮುಂಚೆ ಮನೆಯೇ ಭದ್ರತೆಯ ಸ್ಥಳವಾಗಿತ್ತು. ಆದ್ದರಿಂದ ಹಿರಿಯರು ವಸ್ತುಗಳನ್ನು ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ ಇಡುತ್ತಿದ್ದರು. ಕೆಲಸ ಆರಂಭಿಸುವ ಮುನ್ನ ಈ ಕೆಳಕಂಡ ಸ್ಥಳಗಳನ್ನು ಪರಿಶೀಲಿಸುವುದು ಸೂಕ್ತ.

ಅ) ಗೋಡೆಯ ಗೂಡುಗಳು, ವಿಶೇಷವಾಗಿ ನಂತರದ ಕಾಲದಲ್ಲಿ ಇಟ್ಟಿಗೆ ಅಥವಾ ಮಣ್ಣಿನಿಂದ ಮುಚ್ಚಲ್ಪಟ್ಟವು.
ಆ) ದೇವರ ಮನೆಯ ಪೀಠ ಮತ್ತು ಅಡುಗೆ ಮನೆಯ ಒಲೆಕಟ್ಟೆಯ ಕೆಳಭಾಗ.
ಇ) ರಾಗಿ ಶೇಖರಿಸುತ್ತಿದ್ದ ಹಗೇವು ಮತ್ತು ಕಣಜದ ತಳ.
ಈ) ಅಟ್ಟ, ತೊಲೆ ಹಾಗೂ ಜಂತೆಗಳ ಸಂದು.
ಉ) ತಲೆಬಾಗಿಲಿನ ಹೊಸ್ತಿಲಿನ ಅಡಿ ಮತ್ತು ಮನೆಯ ಪಾಯದ ಮೂಲೆಗಳು.

ಹೊಸ್ತಿಲು ಮತ್ತು ಪಾಯದ ಮೂಲೆಗಳಲ್ಲಿ ದೊರೆಯುವ ಒಂದೆರಡು ನಾಣ್ಯ, ಲೋಹದ ಚೂರು ಅಥವಾ ಹರಳುಗಳು ಗುದ್ದಲಿ ಪೂಜೆಯ ಅಥವಾ ಬಾಗಿಲು ನಿಲ್ಲಿಸುವ ಶಾಸ್ತ್ರದ ಸಮಯದಲ್ಲಿ ಹಾಕಿದವು ಆಗಿರಬಹುದು. ಅವುಗಳನ್ನು ಕಂಡು ಇನ್ನೂ ಹೆಚ್ಚಿನದು ಕೆಳಗಿದೆಯೆಂದು ಆಳವಾಗಿ ತೋಡುವುದರಿಂದ ಗೋಡೆ ಕುಸಿಯುವ ಅಪಾಯವಿದೆ.

3. ದುರಸ್ತಿಗೆ ಮುನ್ನ ಪಡೆಯಬೇಕಾದ ಅನುಮತಿ

ಮನೆಯ ದುರಸ್ತಿ ಅಥವಾ ಪುನರ್ನಿರ್ಮಾಣದ ಅನುಮತಿಗಾಗಿ ಸಂಬಂಧಿಸಿದ ಪುರಸಭೆ ಅಥವಾ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸತಕ್ಕದ್ದು. ಶ್ರೀರಂಗಪಟ್ಟಣದ ಕೋಟೆಯೊಳಗೆ ಹಾಗೂ ಉಪವಿಭಾಗದ ಇತರ ಸಂರಕ್ಷಿತ ಸ್ಮಾರಕಗಳ ಸಮೀಪದಲ್ಲಿ ವಾಸಿಸುವವರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗಿನ ಪ್ರದೇಶ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅಲ್ಲಿ ಈಗಾಗಲೇ ಇರುವ ಮನೆಯ ದುರಸ್ತಿಗೂ, ನಿಯಂತ್ರಿತ ಪ್ರದೇಶದ ನಿರ್ಮಾಣಕ್ಕೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ.

4. ವಸ್ತು ಕಂಡುಬಂದ ಕೂಡಲೇ ಮಾಡಬೇಕಾದದ್ದು

ಅ) ಆ ಭಾಗದ ಕೆಲಸವನ್ನು ನಿಲ್ಲಿಸುವುದು. ಹಾರೆ, ಪಿಕಾಸಿಗಳನ್ನು ಬಳಸಬಾರದು.
ಆ) ವಸ್ತುವನ್ನು ಎತ್ತುವ ಮುನ್ನವೇ ಇದ್ದ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆಯುವುದು. ಯಾವ ಕೋಣೆ, ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ ಅಥವಾ ಆಳ ಎಂಬುದನ್ನು ಬರೆದಿಡುವುದು.
ಇ) ಮೊದಲು ಕಂಡವರು ಯಾರು, ಆಗ ಹಾಜರಿದ್ದವರು ಯಾರು, ದಿನಾಂಕ ಮತ್ತು ಸಮಯ ಯಾವುದು ಎಂಬುದನ್ನು ದಾಖಲಿಸಿ ಹಾಜರಿದ್ದವರ ಸಹಿ ಪಡೆಯುವುದು.
ಈ) ಒಂದೇ ಸ್ಥಳದಲ್ಲಿ ದೊರೆತ ಎಲ್ಲ ವಸ್ತುಗಳನ್ನೂ ಒಟ್ಟಿಗೆ ಇಡುವುದು. ಮಡಕೆಯ ಚೂರು, ಸುತ್ತಿದ್ದ ಬಟ್ಟೆ, ಕಾಗದ ಯಾವುದನ್ನೂ ಎಸೆಯಬಾರದು.
ಉ) ನಾಣ್ಯ ಮತ್ತು ವಿಗ್ರಹಗಳನ್ನು ಹುಣಸೆಹಣ್ಣು, ನಿಂಬೆ, ಬೂದಿ ಅಥವಾ ಪುಡಿಗಳಿಂದ ಉಜ್ಜಿ ತೊಳೆಯಬಾರದು. ಉಜ್ಜಿದರೆ ಅಕ್ಷರ ಮತ್ತು ಮುದ್ರೆಗಳು ಅಳಿಸಿಹೋಗುತ್ತವೆ.

ವಸ್ತುವಿನಷ್ಟೇ ಅದು ಇದ್ದ ಸ್ಥಳವೂ ಮುಖ್ಯ. ಅದು ಯಾರದು, ಯಾವ ಕಾಲದ್ದು ಎಂಬುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಸ್ಥಳವೇ ಸಾಕ್ಷಿ. ಒಮ್ಮೆ ಎತ್ತಿದ ನಂತರ ಈ ಸಾಕ್ಷ್ಯವನ್ನು ಮರಳಿ ಪಡೆಯಲು ಸಾಧ್ಯವಿಲ್ಲ.

5. ನಿಧಿ ಎಂದರೇನು, ಯಾರಿಗೆ ತಿಳಿಸಬೇಕು

ನಿಧಿಯ ವಿಷಯದಲ್ಲಿ 1878ರ ಭಾರತೀಯ ಕಾಯ್ದೆಯು ಮೂಲ ಚೌಕಟ್ಟನ್ನು ಒದಗಿಸಿತು. ಕರ್ನಾಟಕಕ್ಕೆ ಸಂಬಂಧಿಸಿದಂತೆ 1962ರ ನಿಧಿ ನಿಕ್ಷೇಪ ಅಧಿನಿಯಮವಿದೆ. ಇದು ಸಾಮಾನ್ಯವಾಗಿ ಟ್ರೆಷರ್ ಟ್ರೋವ್ ಕಾಯ್ದೆ ಎಂದು ಪರಿಚಿತವಾಗಿದೆ.

1878ರ ಕಾಯ್ದೆಯ ವ್ಯಾಖ್ಯೆಯಂತೆ ನಿಧಿ ಎಂದರೆ ಮಣ್ಣಿನಲ್ಲಿ ಅಥವಾ ಮಣ್ಣಿಗೆ ಹೊಂದಿಕೊಂಡಿರುವ ಯಾವುದರಲ್ಲಾದರೂ ಹುದುಗಿರುವ, ಯಾವುದೇ ಬೆಲೆಯುಳ್ಳ ವಸ್ತು. ಅಂದರೆ ನೆಲದಡಿ ಮಾತ್ರವಲ್ಲ, ಗೋಡೆಯೊಳಗೆ ಹುದುಗಿದ್ದ ವಸ್ತುವೂ ಇದರ ವ್ಯಾಪ್ತಿಗೆ ಬರುತ್ತದೆ. ಬೆಲೆ 10 ರೂಪಾಯಿಗಳನ್ನು ಮೀರಿದರೆ ಕಂಡವರು ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು ಮತ್ತು ವಸ್ತುವನ್ನು ಸಮೀಪದ ಸರ್ಕಾರಿ ಖಜಾನೆಗೆ ಒಪ್ಪಿಸಬೇಕು ಅಥವಾ ಕೇಳಿದಾಗ ಹಾಜರುಪಡಿಸಲು ಭದ್ರತೆ ನೀಡಬೇಕು ಎಂದು ಆ ಕಾಯ್ದೆ ವಿಧಿಸಿತು. ಇಷ್ಟು ಕಡಿಮೆ ಮೊತ್ತವನ್ನು ನೋಡಿದರೆ, ಸಣ್ಣ ವಸ್ತು ಎಂಬ ಕಾರಣಕ್ಕೆ ತಿಳಿಸದಿರುವುದು ಸುರಕ್ಷಿತವಲ್ಲ ಎಂಬುದು ಸ್ಪಷ್ಟ.

ಮಾಹಿತಿ ಬಂದ ನಂತರ ಜಿಲ್ಲಾಧಿಕಾರಿಗಳು ಪ್ರಕಟಣೆ ಹೊರಡಿಸಿ, ಹಕ್ಕು ಸಾಧಿಸುವವರನ್ನು ಕರೆದು, ವಸ್ತುವನ್ನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಕಂಡರು ಹಾಗೂ ಸಾಧ್ಯವಿದ್ದಷ್ಟು ಮಟ್ಟಿಗೆ ಅದನ್ನು ಯಾರು ಹುದುಗಿಸಿದ್ದರು ಎಂಬ ಬಗ್ಗೆ ವಿಚಾರಣೆ ನಡೆಸುವುದು ಈ ಕಾನೂನಿನ ಕ್ರಮ. 1878ರ ಕಾಯ್ದೆಯಲ್ಲಿ 100 ವರ್ಷಗಳ ಅವಧಿಗೆ ವಿಶೇಷ ಮಹತ್ವವಿದೆ. ವಸ್ತು ದೊರೆತ ದಿನದಿಂದ ಹಿಂದಿನ 100 ವರ್ಷಗಳೊಳಗೆ ಹಕ್ಕುದಾರರು ಅಥವಾ ಅವರ ಹಿರಿಯರು ಅದನ್ನು ಹುದುಗಿಸಿದ್ದರೆಂದು ನಂಬಲು ಕಾರಣವಿದ್ದಲ್ಲಿ, ಅವರು ಸಿವಿಲ್ ನ್ಯಾಯಾಲಯದಲ್ಲಿ ತಮ್ಮ ಹಕ್ಕನ್ನು ಸ್ಥಾಪಿಸಲು ಅವಕಾಶ ನೀಡಬೇಕು. ಯಾರೂ ಹಕ್ಕು ಸ್ಥಾಪಿಸದಿದ್ದರೆ ಮಾತ್ರ ಅದನ್ನು ವಾರಸುದಾರರಿಲ್ಲದ ವಸ್ತು ಎಂದು ಘೋಷಿಸಬಹುದು.

ವಸ್ತುವನ್ನು ಕಂಡವರು ಮತ್ತು ಸ್ಥಳದ ಮಾಲೀಕರು ಕಾನೂನಿನಲ್ಲಿ ಬೇರೆ ಬೇರೆ. ಗೋಡೆ ಕೆಡವುವಾಗ ವಸ್ತುವನ್ನು ಮೊದಲು ಕಂಡ ಕೂಲಿ ಕಾರ್ಮಿಕರು ಅಥವಾ ಗಾರೆ ಕೆಲಸದವರು ಕಂಡವರ ಸ್ಥಾನದಲ್ಲಿರುತ್ತಾರೆ. ಅವರ ಹೆಸರನ್ನು ಮಾಹಿತಿ ಪತ್ರದಿಂದ ಕೈಬಿಡಬಾರದು. ಪಾಲು ಮತ್ತು ಪರಿಹಾರದ ವಿಷಯವನ್ನು ರಾಜ್ಯದ ಅಧಿನಿಯಮದಂತೆ ವಿಚಾರಣೆಯ ನಂತರ ನಿರ್ಧರಿಸಲಾಗುವುದರಿಂದ, ಸ್ಥಳದಲ್ಲಿಯೇ ವಸ್ತುಗಳನ್ನು ಹಂಚಿಕೊಳ್ಳುವುದು ಸರಿಯಲ್ಲ. ತಿಳಿಸದೆ ಮುಚ್ಚಿಟ್ಟ ಕಂಡವರು ತಮ್ಮ ಪಾಲನ್ನು ಕಳೆದುಕೊಳ್ಳುವುದಲ್ಲದೆ ಒಂದು ವರ್ಷದವರೆಗಿನ ಕಾರಾವಾಸಕ್ಕೆ, ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾಗುವರು ಎಂದು 1878ರ ಕಾಯ್ದೆ ಹೇಳುತ್ತದೆ.

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ಪಾತ್ರೆಯೊಂದರಲ್ಲಿ ಚಿನ್ನದ ಆಭರಣಗಳು ದೊರೆತವು. ಆ ಕುಟುಂಬದವರು ಅವುಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ವಿಷಯ ತಿಳಿಸಿ ಅಧಿಕಾರಿಗಳಿಗೆ ಒಪ್ಪಿಸಿದರು. ಅದು ನಿಧಿಯೇ ಅಥವಾ ಹಿಂದೆ ಅಲ್ಲಿದ್ದವರ ಒಡವೆಯೇ ಎಂಬ ಪ್ರಶ್ನೆಯೂ ಆಗ ಚರ್ಚೆಗೆ ಬಂತು. ಇಂತಹ ಪ್ರಶ್ನೆಯನ್ನು ತೀರ್ಮಾನಿಸುವುದು ಕಂಡವರ ಹೊಣೆಯಲ್ಲ. ತಿಳಿಸುವುದಷ್ಟೇ ಅವರ ಹೊಣೆ.

6. ಹಿಂದಿನ ಮಾಲೀಕರ ಹಕ್ಕು

ಮನೆಯನ್ನು ಕ್ರಯಕ್ಕೆ ಪಡೆದ ಮಾತ್ರಕ್ಕೆ ಅದರೊಳಗೆ ಹಿಂದಿನವರು ಮರೆತುಹೋದ ಒಡವೆ, ಪತ್ರ ಮತ್ತು ಭಾವಚಿತ್ರಗಳೂ ತಮ್ಮವಾದವು ಎಂದು ಭಾವಿಸುವುದು ಸರಿಯಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ವಸ್ತು ಹುದುಗಿಸಿದ ನಿಧಿಗಿಂತ ಭಿನ್ನವಾದದ್ದು. 1872ರ ಭಾರತೀಯ ಕರಾರು ಅಧಿನಿಯಮದ 71ನೇ ಪ್ರಕರಣದಂತೆ, ಇತರರ ವಸ್ತುವನ್ನು ಕಂಡು ತನ್ನ ವಶಕ್ಕೆ ತೆಗೆದುಕೊಂಡವರು ಅದನ್ನು ಜೋಪಾನ ಮಾಡುವ ಹೊಣೆಗೆ ಒಳಪಡುತ್ತಾರೆ. ವಾರಸುದಾರರನ್ನು ಪತ್ತೆ ಹಚ್ಚುವ ಮಾರ್ಗವಿದ್ದೂ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ ಅದು 2023ರ ಭಾರತೀಯ ನ್ಯಾಯ ಸಂಹಿತೆಯ 314ನೇ ಪ್ರಕರಣದಡಿ ಅಪರಾಧವಾಗುತ್ತದೆ. ಹಿಂದಿರುಗಿಸುವ ಉದ್ದೇಶದಿಂದ ಕಾಪಾಡಿಕೊಂಡರೆ ಅಪರಾಧವಲ್ಲ.

ಹಿಂದಿನ ಮಾಲೀಕರನ್ನು ಪತ್ತೆ ಹಚ್ಚಲು ಮನೆಯ ಕ್ರಯಪತ್ರ, ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರ ಹಾಗೂ ಸ್ಥಳೀಯ ಸಂಸ್ಥೆಯ ತೆರಿಗೆ ದಾಖಲೆಗಳು ಸಹಾಯಕ. ನೆರೆಹೊರೆಯ ಹಿರಿಯರಿಂದಲೂ ಮಾಹಿತಿ ದೊರೆಯುತ್ತದೆ. ಮದುವೆಯ ಲಗ್ನಪತ್ರಿಕೆ, ತೀರಿಕೊಂಡವರ ಭಾವಚಿತ್ರ, ಶಾಲೆಯ ಅಂಕಪಟ್ಟಿ ಮುಂತಾದವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇರಲಾರದು. ಆದರೆ ತಾಯಿಯ ಮುಖವನ್ನು ಭಾವಚಿತ್ರದಲ್ಲಿಯೂ ನೋಡದ ಮಗನಿಗೆ ಅಂತಹ ಒಂದು ಚಿತ್ರಕ್ಕಿಂತ ದೊಡ್ಡ ನಿಧಿಯಿಲ್ಲ. ಇವುಗಳನ್ನು ಸಂಬಂಧಿಸಿದ ಕುಟುಂಬಕ್ಕೆ ತಲುಪಿಸಿ ಸ್ವೀಕೃತಿ ಪಡೆಯತಕ್ಕದ್ದು.

7. ವಸ್ತುವಿನ ಕಾಲವನ್ನು ಗುರುತಿಸುವ ಬಗೆ

100 ವರ್ಷಗಳ ಪ್ರಶ್ನೆ ಮುಖ್ಯವಾಗಿರುವುದರಿಂದ ಕಾಲದ ಸುಳಿವುಗಳನ್ನು ಕಾಪಾಡಬೇಕು. ನಾಣ್ಯಗಳ ಗಂಟಿನಲ್ಲಿ ಎಲ್ಲಕ್ಕಿಂತ ಈಚಿನ ನಾಣ್ಯ ಯಾವುದೋ ಅದಕ್ಕಿಂತ ಮುಂಚೆ ಆ ಗಂಟನ್ನು ಇಟ್ಟಿರಲು ಸಾಧ್ಯವಿಲ್ಲ. ದಶಮಾಂಶ ನಾಣ್ಯ ಪದ್ಧತಿ 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಹತ್ತು ಬೆಳ್ಳಿ ರೂಪಾಯಿಗಳ ನಡುವೆ ಒಂದೇ ಒಂದು ನಯಾ ಪೈಸೆ ಇದ್ದರೂ ಆ ಗಂಟು 1957ರ ನಂತರದ್ದು. ಅದನ್ನಿಟ್ಟವರ ಮಕ್ಕಳು ಇಂದು ಜೀವಂತವಿರಬಹುದು. ಸುತ್ತಿದ ದಿನಪತ್ರಿಕೆಯೂ ಇದೇ ರೀತಿ ಸಾಕ್ಷಿಯಾಗುತ್ತದೆ. ಪ್ರಜಾವಾಣಿ ಆರಂಭವಾದದ್ದು 1948ರಲ್ಲಿ. ಅದರ ಹಾಳೆಯಲ್ಲಿ ಸುತ್ತಿದ ಒಡವೆ ಅದಕ್ಕಿಂತ ಹಿಂದೆ ಅಲ್ಲಿಗೆ ಬಂದಿರಲಾರದು.

ಕಾಗದಪತ್ರಗಳಲ್ಲಿನ ಸ್ಥಳನಾಮಗಳನ್ನು ಓದುವಾಗಲೂ ಎಚ್ಚರ ಬೇಕು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರ ಜುಲೈ 1ರಂದು. ಅದಕ್ಕೂ ಹಿಂದಿನ ಪತ್ರಗಳಲ್ಲಿ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದಂತೆ ನಮೂದಾಗಿರುತ್ತವೆ. ಪಾಂಡವಪುರವು ಹಿರೋಡೆ ಮತ್ತು ಫ್ರೆಂಚ್ ರಾಕ್ಸ್ ಎಂಬ ಹೆಸರುಗಳಿಂದಲೂ, ಕೃಷ್ಣರಾಜಪೇಟೆಯು ಅತ್ತಿಕುಪ್ಪೆ ಎಂಬ ಹೆಸರಿನಿಂದಲೂ ಕಾಣಿಸಿಕೊಳ್ಳುತ್ತದೆ. ಊರಿನ ಹೆಸರು ಬೇರೆ ಎಂದು ಪತ್ರವನ್ನು ತಿರಸ್ಕರಿಸಬಾರದು.

8. ಕಾಗದ, ಓಲೆಗರಿ, ಕಡತ ಮತ್ತು ತಾಮ್ರಪಟ

ಅತಿ ಹೆಚ್ಚು ನಷ್ಟವಾಗುವುದು ಈ ವರ್ಗದ ವಸ್ತುಗಳಲ್ಲಿ. ಇದ್ದಿಲು ಮತ್ತು ಹುಣಸೆಬೀಜದ ಸರಿಯನ್ನು ಬಳಿದು ಗಟ್ಟಿಮಾಡಿದ ಬಟ್ಟೆಯ ಮಡಿಕೆ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಅಳಿಸಿಹೋಗುತ್ತದೆ. ಓಲೆಗರಿಗಳನ್ನು ನೀರಿನಲ್ಲಿ ತೊಳೆಯುವುದು, ಬಿಸಿಲಿಗೆ ಒಣಗಿಸುವುದು, ಅಂಟಿಕೊಂಡಿರುವುದನ್ನು ಬಲವಂತದಿಂದ ಬಿಡಿಸುವುದು ಕೂಡದು. ಹಳೆಯ ಕಾಗದಗಳಿಗೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ ತೇವವಿಲ್ಲದ ಸ್ಥಳದಲ್ಲಿಡುವುದು ಸಾಕು.

ಓಲೆಗರಿಯ ಒಂದು ಕಟ್ಟು ಎಷ್ಟು ಬೆಲೆಯುಳ್ಳದ್ದಾಗಬಹುದು ಎಂಬುದಕ್ಕೆ ಮೈಸೂರೇ ಸಾಕ್ಷಿ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಪಂಡಿತರೊಬ್ಬರು ಒಪ್ಪಿಸಿದ ಹಸ್ತಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಹಸ್ತಪ್ರತಿ ದೊರೆತವರು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ಅಥವಾ ಪಾಂಡವಪುರ ತಾಲ್ಲೂಕಿನಲ್ಲಿಯೇ ಇರುವ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತನ್ನು ಸಂಪರ್ಕಿಸಬಹುದು.

ಬರಹವಿರುವ ತಾಮ್ರದ ತಗಡುಗಳನ್ನು ಮಾಟದ ವಸ್ತುವೆಂದು ಹೆದರಿ ಹೊಳೆಗೆ ಹಾಕುವ ಅಥವಾ ಗುಜರಿಗೆ ಮಾರುವ ಅಭ್ಯಾಸ ಅಪಾಯಕರ. ಅವು ತಾಮ್ರಶಾಸನಗಳಾಗಿರಬಹುದು. ಗಂಗ ದೊರೆ ಶ್ರೀಪುರುಷನ ಕಾಲದ ಕ್ರಿ.ಶ. 776ರ ಪ್ರಸಿದ್ಧ ತಾಮ್ರಶಾಸನವು ನಾಗಮಂಗಲದ ಹೆಸರಿನಿಂದಲೇ ಇತಿಹಾಸಕಾರರಿಗೆ ಪರಿಚಿತ. ಹಾಗೆಯೇ ಮೆಟ್ಟಿಲಾಗಿ ಅಥವಾ ಬಟ್ಟೆ ಒಗೆಯುವ ಕಲ್ಲಾಗಿ ಬಳಕೆಯಲ್ಲಿರುವ ಚಪ್ಪಡಿಯ ಹಿಂಬದಿಯಲ್ಲಿ ಅಕ್ಷರ ಅಥವಾ ವೀರಗಲ್ಲಿನ ಚಿತ್ರ ಕಂಡುಬಂದರೆ ಅದನ್ನು ಒಡೆಯದೆ ತಿಳಿಸುವುದು.

ಹಳೆಯ ಕ್ರಯಪತ್ರ, ವಿಭಾಗಪತ್ರಗಳು ದೊರೆತಾಗಲೂ ಸ್ಥಳದ ದಾಖಲೆ ಉಪಯುಕ್ತ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೇ ಪ್ರಕರಣದಂತೆ, ಯುಕ್ತವಾದ ಅಭಿರಕ್ಷೆಯಿಂದ ಬಂದ 30 ವರ್ಷ ಹಳೆಯ ದಸ್ತಾವೇಜಿನ ಸಹಿ ಮತ್ತು ಬರಹವನ್ನು ನ್ಯಾಯಾಲಯವು ನೈಜವೆಂದು ಭಾವಿಸಬಹುದು. ಅದು ಎಲ್ಲಿತ್ತು ಎಂಬುದು ತಿಳಿಯದಿದ್ದರೆ ಈ ಅನುಕೂಲ ಕಷ್ಟಸಾಧ್ಯ. ಆದರೆ ಹಳೆಯ ಪತ್ರ ದೊರೆತ ಮಾತ್ರಕ್ಕೆ ಜಮೀನಿನ ಹಕ್ಕು ಉಂಟಾಗುವುದಿಲ್ಲ. ನೋಂದಣಿ ಮತ್ತು ಕಂದಾಯ ದಾಖಲೆಗಳೊಂದಿಗೆ ತಾಳೆ ನೋಡುವುದು ಅಗತ್ಯ.

9. ವಿಶೇಷ ಎಚ್ಚರಿಕೆ ಅಗತ್ಯವಿರುವ ವಸ್ತುಗಳು

ಅ) ಪುರಾತನ ವಸ್ತುಗಳು: 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದಂತೆ 100 ವರ್ಷ ಹಳೆಯದಾದ ವಿಗ್ರಹ, ನಾಣ್ಯ, ಚಿತ್ರ ಮುಂತಾದವು ಹಾಗೂ ಮಹತ್ವವುಳ್ಳ 75 ವರ್ಷ ಹಳೆಯ ಹಸ್ತಪ್ರತಿಗಳು ಪುರಾತನ ವಸ್ತುಗಳು. ಇವುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೊರದೇಶದಲ್ಲಿರುವ ಸಂಬಂಧಿಕರಿಗೆ ಉಡುಗೊರೆಯಾಗಿ ಕಳುಹಿಸುವುದಕ್ಕೂ ಇದು ಅನ್ವಯ. ಕೆಲವು ವರ್ಗದ ವಸ್ತುಗಳಿಗೆ ನೋಂದಣಿ ಕಡ್ಡಾಯ.

ಆ) ಶಸ್ತ್ರಾಸ್ತ್ರ ಮತ್ತು ಮದ್ದುಗುಂಡು: ಹಳೆಯ ಬಂದೂಕು, ಗುಂಡು, ಮದ್ದು ತುಂಬಿದ ಕೊಳವೆಗಳನ್ನು ಮುಟ್ಟದೆ 112ಕ್ಕೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ತಿಳಿಸುವುದು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ್ದೆಂದು ಗುರುತಿಸಲಾದ 1000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. ಯುದ್ಧಭೂಮಿಯಾಗಿದ್ದ ಶ್ರೀರಂಗಪಟ್ಟಣದಲ್ಲಿಯೂ ಈ ಎಚ್ಚರ ಅಗತ್ಯ.

ಇ) ವನ್ಯಜೀವಿ ವಸ್ತುಗಳು: ಜಿಂಕೆಯ ಕೊಂಬು, ಹುಲಿಯ ಉಗುರು, ಚರ್ಮ, ಆನೆಯ ದಂತ ದೊರೆತರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಹಿರಿಯರ ಕಾಲದ್ದು ಎಂಬ ಕಾರಣದಿಂದ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ವಿನಾಯಿತಿ ದೊರೆಯುವುದಿಲ್ಲ.

ಈ) ರದ್ದಾದ ನೋಟುಗಳು: 2016ರ ನವೆಂಬರ್‌ನಲ್ಲಿ ರದ್ದಾದ 500 ಮತ್ತು 1000 ರೂಪಾಯಿ ನೋಟುಗಳನ್ನು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದನ್ನು 2017ರ ಕೇಂದ್ರ ಅಧಿನಿಯಮ ನಿಷೇಧಿಸಿದೆ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ 25ರವರೆಗೆ ಅವಕಾಶವಿದೆ.

10. ಮಾಹಿತಿ ಪತ್ರದಲ್ಲಿ ಇರಬೇಕಾದ ಅಂಶಗಳು

ಬಿಳಿ ಹಾಳೆಯ ಮೇಲೆ ಮಂಡ್ಯ ಜಿಲ್ಲಾಧಿಕಾರಿಗಳನ್ನು ಉದ್ದೇಶಿಸಿ ಬರೆದು, ಪ್ರತಿಯನ್ನು ಸಂಬಂಧಿಸಿದ ತಾಲ್ಲೂಕಿನ ತಹಶೀಲ್ದಾರರಿಗೆ ಹಾಗೂ ಪಾಂಡವಪುರದ ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸುವುದು ಸೂಕ್ತ. ಪತ್ರದಲ್ಲಿ (1) ಕಂಡವರ ಹೆಸರು ಮತ್ತು ವಿಳಾಸ, (2) ಸ್ಥಳದ ಮಾಲೀಕರ ಹೆಸರು, (3) ಮನೆಯ ಸಂಖ್ಯೆ, ಗ್ರಾಮ, ತಾಲ್ಲೂಕು, (4) ದೊರೆತ ದಿನಾಂಕ ಮತ್ತು ನಿಖರ ಸ್ಥಳ, (5) ವಸ್ತುಗಳ ಪಟ್ಟಿ, ಸಂಖ್ಯೆ, ಅಂದಾಜು ತೂಕ, (6) ಹಾಜರಿದ್ದವರ ಹೆಸರು, (7) ತಿಳಿದಿದ್ದಲ್ಲಿ ಹಿಂದಿನ ಮಾಲೀಕರ ವಿವರ, ಇವು ಇರಬೇಕು. ಛಾಯಾಚಿತ್ರಗಳನ್ನು ಲಗತ್ತಿಸಿ, ಕಚೇರಿಯ ಮೊಹರಿನೊಂದಿಗೆ ಸ್ವೀಕೃತಿ ಪಡೆದು ಜೋಪಾನವಾಗಿಡತಕ್ಕದ್ದು. ಪ್ರಾಮಾಣಿಕವಾಗಿ ನಡೆದುಕೊಂಡದ್ದಕ್ಕೆ ಈ ಸ್ವೀಕೃತಿಯೇ ಮುಖ್ಯ ಆಧಾರ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಸ್ತು ದೊರೆತ ವಿಷಯ ತಿಳಿಸಿದರೆ ಮನೆಯನ್ನೇ ವಶಪಡಿಸಿಕೊಳ್ಳುವರೇ?
ಉತ್ತರ: ನಿಧಿಗೆ ಸಂಬಂಧಿಸಿದ ಕಾನೂನು ದೊರೆತ ವಸ್ತುವಿನ ಬಗ್ಗೆ ಮಾತ್ರ. ವಸ್ತುವನ್ನು ತಿಳಿಸಿದ ಕಾರಣಕ್ಕೆ ಮನೆಯ ಮಾಲೀಕತ್ವ ಬದಲಾಗುವುದಿಲ್ಲ.

ಪ್ರಶ್ನೆ: ಗೋಡೆಯಲ್ಲಿ ದೊರೆತ ಒಡವೆ ತಮ್ಮ ಅಜ್ಜಿಯದೇ ಎಂದು ಕುಟುಂಬಕ್ಕೆ ಖಚಿತವಿದ್ದರೆ?
ಉತ್ತರ: ಹಳೆಯ ಭಾವಚಿತ್ರ, ಮದುವೆಯ ಒಡವೆಗಳ ಪಟ್ಟಿ, ಚಿನಿವಾರರ ಚೀಟಿ, ಹಿರಿಯರ ಹೇಳಿಕೆ ಮುಂತಾದ ಆಧಾರಗಳೊಂದಿಗೆ ಮಾಹಿತಿ ಪತ್ರದಲ್ಲಿಯೇ ಹಕ್ಕನ್ನು ನಮೂದಿಸುವುದು. ತಿಳಿಸುವುದರಿಂದ ಹಕ್ಕು ನಷ್ಟವಾಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ನಿಧಿ ಇದೆಯೆಂದು ಪೂಜೆ ಮಾಡಿಸಲು ಯಾರಾದರೂ ಪ್ರೇರೇಪಿಸಿದರೆ?
ಉತ್ತರ: ನಿಧಿ ಶೋಧನೆಯ ಹೆಸರಿನಲ್ಲಿ ಅಮಾನುಷ ಕೃತ್ಯ ಹಾಗೂ ವಾಮಾಚಾರ ನಡೆಸುವುದು 2017ರ ಕರ್ನಾಟಕದ ವಾಮಾಚಾರ ತಡೆ ಅಧಿನಿಯಮದಡಿ ಅಪರಾಧ. ಅಂತಹವರ ಬಗ್ಗೆ ಪೊಲೀಸರಿಗೆ ದೂರು ನೀಡುವುದು.

12. ಸಾರ್ವಜನಿಕರಲ್ಲಿ ಮನವಿ

ಮನೆಯ ಮಾಲೀಕರು ಕೆಲಸ ಆರಂಭಿಸುವ ಮುನ್ನ ಮೇಸ್ತ್ರಿ, ಗುತ್ತಿಗೆದಾರರು ಮತ್ತು ಕೂಲಿ ಕಾರ್ಮಿಕರಿಗೆ ಮೇಲ್ಕಂಡ ಅಂಶಗಳನ್ನು ತಿಳಿಸುವುದು. ವಸ್ತು ಕಂಡರೆ ಕೆಲಸ ನಿಲ್ಲಿಸುವುದು, ಇದ್ದಲ್ಲಿಯೇ ದಾಖಲಿಸುವುದು, ಲಿಖಿತವಾಗಿ ತಿಳಿಸುವುದು ಎಂಬ ಮೂರು ಹೆಜ್ಜೆಗಳನ್ನು ಎಲ್ಲರೂ ನೆನಪಿನಲ್ಲಿಡಬೇಕು. ಹಿಂದಿನವರ ವಸ್ತುಗಳು ಹಕ್ಕುದಾರರಿಗೆ ತಲುಪುವಂತೆ, ವಾರಸುದಾರರಿಲ್ಲದವು ಸುರಕ್ಷಿತವಾಗಿ ಉಳಿಯುವಂತೆ ಹಾಗೂ ಕಂಡವರು ಅನಗತ್ಯ ತೊಂದರೆಗೆ ಒಳಗಾಗದಂತೆ ನೋಡಿಕೊಳ್ಳಲು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.